ಮುಕ್ಕಾಲು ಕಿಲೋ ಕ್ಯಾಮೆರಾ

ಸುಳ್ಳು ಹೇಳುವುದಕ್ಕೂ ಒಂದು ಯೋಗ್ಯತೆ ಬೇಕು. ಅದು ನಮ್ಮ ಗುಮಾಸ್ತರಿಗೆ ಇರಲಿಲ್ಲ. ಬಸ್ ನಿಲ್ದಾಣದ ಹಿಂಭಾಗದಲ್ಲಿ, ಟೈರುಗಳ ಗೋದಾಮಿಗೂ ಚಾಲಕರ ವಿಶ್ರಾಂತಿ ಕೋಣೆಗೂ ನಡುವೆ ಸಿಕ್ಕಿಕೊಂಡ ಒಂದು ಸಣ್ಣ ಕೋಣೆಯಲ್ಲಿ, ಪ್ರಯಾಣಿಕರು ಬಸ್ಸಿನಲ್ಲಿ ಮರೆತುಹೋದ ಸಾಮಾನುಗಳನ್ನು ಕಾಯುವುದು ಅವರ ಕೆಲಸ. ಅರವತ್ತಕ್ಕೂ ಹೆಚ್ಚು ಕೊಡೆಗಳು, ಜೋಡಿ ತಪ್ಪಿದ ಚಪ್ಪಲಿಗಳು, ಊಟದ ಡಬ್ಬಿಗಳು, ಒಂದು ತಬಲ, ಎರಡು ಸೆಟ್ಟು ಹಲ್ಲು. "ಆ ಕೊಡೆ ನನ್ನದು" ಎಂದು ಬಂದವರನ್ನು "ಹಿಡಿ ಯಾವ ಬಣ್ಣ? ಎಷ್ಟು ಕಡ್ಡಿ ಮುರಿದಿದೆ?" ಎಂದು ಕೇಳಿ, ಎರಡೇ ಪ್ರಶ್ನೆಯಲ್ಲಿ ಸುಳ್ಳುಗಾರರನ್ನು ಬಾಗಿಲಿನಿಂದಲೇ ವಾಪಸು ಕಳಿಸುತ್ತಿದ್ದರು. ಇಪ್ಪತ್ತೆರಡು ವರ್ಷ ಬೇರೆಯವರ ಸುಳ್ಳನ್ನು ಹಿಡಿದವರು, ತಾವೇ ಒಂದನ್ನು ಹೇಳುವ ಮುಂಚೆ ಸ್ವಲ್ಪ ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಅದಕ್ಕೆ ಕಾರಣ ಅವರ ಭಾವಮೈದುನ.

ಭಾವಮೈದುನ ನೀರೆತ್ತುವ ಪಂಪುಗಳ ಅಂಗಡಿಯಲ್ಲಿ ಮ್ಯಾನೇಜರು. ಹೆಂಡತಿಯ ಜೊತೆ ಸಮುದ್ರ ನೋಡಿಕೊಂಡು ಬಂದಿದ್ದ. ಒಂದು ಭಾನುವಾರ ಮಧ್ಯಾಹ್ನ ಅಕ್ಕನ ಮನೆಗೆ ಬಂದು, ಗುಮಾಸ್ತರ ಪಕ್ಕದಲ್ಲೇ ಕೂತು, ಫೋನು ತೆಗೆದ. ಅದರಲ್ಲಿ ನಾನೂರ ಹನ್ನೆರಡು ಫೋಟೋಗಳಿದ್ದವು. ನೂರ ತೊಂಬತ್ತರವರೆಗೆ ಗುಮಾಸ್ತರು ಮನುಷ್ಯರಾಗಿಯೇ ನಡೆದುಕೊಂಡರು. ಆಮೇಲೆ ಹೋಟೆಲಿನವರು ಹಾಸಿಗೆಯ ಮೇಲೆ ಟವಲ್ಲಿನಿಂದ ಮಾಡಿಟ್ಟಿದ್ದ ಬಾತುಕೋಳಿ ಬಂತು.

"ಭಾವ, ಇದು ಮುಂದಿನಿಂದ. ಇದು ಪಕ್ಕದಿಂದ."

"ಚೆನ್ನಾಗಿದೆ."

"ಇದು ಹಿಂದಿನಿಂದ. ಇಲ್ಲಿ ನಾನು ಅದರ ಪಕ್ಕ ಕೂತಿದ್ದೀನಿ. ಇಲ್ಲಿ ಇವಳು ಕೂತಿದ್ದಾಳೆ."

ಐದನೆಯ ಬಾತುಕೋಳಿಗೆ ಗುಮಾಸ್ತರ ತಾಳ್ಮೆ ಹರಿಯಿತು. "ಇದೆಲ್ಲ ಫೋಟೋ ಅಲ್ಲಪ್ಪ," ಅಂದರು. "ಫೋಟೋ ಅಂದ್ರೆ ರೀಲಲ್ಲಿ ತೆಗೆಯೋದು. ಮೂವತ್ತಾರು ಅಂದ್ರೆ ಮೂವತ್ತಾರೇ. ಒಂದೊಂದಕ್ಕೂ ಉಸಿರು ಹಿಡಿದು ನಿಲ್ಲಬೇಕು. ಬಾತುಕೋಳಿಗೆ ಐದು ಸುರಿಯೋ ಹಾಗಿಲ್ಲ."

ಈ ಮಾತು ಅವರದಲ್ಲ. ಹಿಂದಿನ ವಾರ ಯಾರೋ ಬಸ್ಸಿನಲ್ಲಿ ಬಿಟ್ಟುಹೋಗಿದ್ದ ಮಾಸಪತ್ರಿಕೆಯಲ್ಲಿ ಓದಿದ್ದು. ಆದರೆ ಮಾತಿಗೆ ತೂಕ ಬಂದಿತ್ತು. ಭಾವಮೈದುನ ಫೋನು ಕೆಳಗಿಟ್ಟ.

"ನೀವು ತೆಗೀತಿದ್ರಾ ಭಾವ?"

ಇಲ್ಲ ಎನ್ನುವುದಕ್ಕೆ ಒಂದು ಕ್ಷಣ ಸಾಕಿತ್ತು. ಆ ಕ್ಷಣವನ್ನು ಗುಮಾಸ್ತರು ಗಂಟಲು ಸರಿಮಾಡಿಕೊಳ್ಳುವುದರಲ್ಲಿ ಕಳೆದರು. "ತೆಗೀತಿದ್ದೆ."

ಟೀ ತರುತ್ತಿದ್ದ ಹೆಂಡತಿ ಬಾಗಿಲಲ್ಲೇ ನಿಂತಳು. "ಯಾವಾಗ್ರೀ?"

"ಮದುವೆಗೆ ಮುಂಚೆ."

ಮದುವೆಗೆ ಮುಂಚಿನ ಕಾಲ ಗಂಡಸರಿಗೆ ದೊಡ್ಡ ಆಸರೆ. ಯಾವ ಹೆಂಡತಿಯೂ ಅಲ್ಲಿಗೆ ಹೋಗಿ ಪರಿಶೀಲಿಸಿ ಬಂದಿಲ್ಲ. ವಿಷಯ ಅಲ್ಲಿಗೇ ಮುಗಿಯಬೇಕಿತ್ತು. ಆದರೆ ಕಿಟಕಿಯ ಪಕ್ಕದ ಕುರ್ಚಿಯಿಂದ ಅತ್ತೆಯವರು ಮಾತಾಡಿದರು.

ಅತ್ತೆಯವರು, ಎಂದರೆ ಹೆಂಡತಿಯ ತಾಯಿ, ಮಗಳ ಮನೆಯಲ್ಲೇ ಇದ್ದರು. ಎಪ್ಪತ್ತನಾಲ್ಕು ವರ್ಷ. ಕಣ್ಣು, ಕಿವಿ, ನಾಲಿಗೆ ಮೂರೂ ಚುರುಕು. ಅವರಿಗೆ ಆಗದ ಒಂದೇ ವಸ್ತು ಫೋಟೋ. ಯಾರು ಫೋನು ಎತ್ತಿದರೂ ಪತ್ರಿಕೆ ಮುಖಕ್ಕೆ ಹಿಡಿಯುತ್ತಿದ್ದರು, ಇಲ್ಲವೇ ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ಮನೆಮಂದಿಯ ಸಾವಿರಾರು ಚಿತ್ರಗಳಲ್ಲಿ ಅವರದೆಂದು ಇದ್ದದ್ದು ಒಂದು ಮೊಣಕೈ, ಬಾಗಿಲ ಮರೆಯ ಅರ್ಧ ಬೆನ್ನು, ಅಷ್ಟೇ.

"ಅಳಿಯಂದ್ರು ತೆಗೆಯೋದಾದ್ರೆ ನಾನು ಕೂತ್ಕೋತೀನಿ," ಅಂದರು ಅತ್ತೆ.

ಮಗ, ಮಗಳು ಇಬ್ಬರೂ ತಿರುಗಿದರು.

"ತೆಗೆದ ತಕ್ಷಣ ಮೂಗಿಗೆ ಹಿಡಿದು, ನೋಡಮ್ಮ ಹೆಂಗೆ ಬಂದಿದೀಯ ಅಂತೀರಲ್ಲ, ಅದು ನಂಗಾಗಲ್ಲ. ರೀಲಾದ್ರೆ ಹತ್ತು ದಿನ ಬಿಟ್ಟು ಬರುತ್ತೆ. ಚೆನ್ನಾಗಿಲ್ದೇ ಇದ್ರೆ, ಅದು ಹತ್ತು ದಿನದ ಹಿಂದಿನ ಮುಖ, ಈಗ ಹಂಗಿಲ್ಲ ಅನ್ನಬಹುದು."

ಹೆಂಡತಿಯ ಕಣ್ಣು ತುಂಬಿತು. ಅಮ್ಮನ ನೆಟ್ಟಗಿನ ಒಂದು ಫೋಟೋ ಬೇಕೆಂದು ಅವಳು ಎಷ್ಟು ವರ್ಷಗಳಿಂದ ಗೋಗರೆದಿದ್ದಳೋ. "ಯಾವತ್ತು ತೆಗೀತೀರ್ರೀ?" ಅಂದಳು. ಹತ್ತೊಂಬತ್ತು ವರ್ಷದ ಸಂಸಾರದಲ್ಲಿ ಅವಳು ಗಂಡನನ್ನು ಅಷ್ಟು ಅಭಿಮಾನದಿಂದ ನೋಡಿದ್ದು ಅದೇ ಮೊದಲು. ಆ ನೋಟದ ಮುಂದೆ ನಿಜ ಹೇಳುವಷ್ಟು ಧೈರ್ಯ ಇರುವವರು ಸೈನ್ಯದಲ್ಲಿ ಇರುತ್ತಾರೆ, ಕೊಡೆ ಕಾಯುವುದಕ್ಕೆ ಬರುವುದಿಲ್ಲ.

"ಈ ಶನಿವಾರ," ಅಂದರು ಗುಮಾಸ್ತರು. "ಹಳೇ ಕ್ಯಾಮೆರಾ ಕೆಟ್ಟಿದೆ. ಹೊಸದೊಂದು ಹಳೇದು ತಗೋಬೇಕು."

ಗಡಿಯಾರದ ಅಂಗಡಿಗಳ ಓಣಿಯ ಕೊನೆಯಲ್ಲಿ ಕ್ಯಾಮೆರಾ ರಿಪೇರಿಯ ಮುದುಕನೊಬ್ಬನಿದ್ದ. ಮೂಗಿನ ಮೇಲೊಂದು ಕನ್ನಡಕ, ಹಣೆಯ ಮೇಲೊಂದು ಕನ್ನಡಕ. ಗುಮಾಸ್ತರು ಸೋಮವಾರವೇ ಹೋಗಿ, ಈ ವಿದ್ಯೆಯಲ್ಲಿ ಹಣ್ಣಾದವರ ಹಾಗೆ ಕೈ ಹಿಂದೆ ಕಟ್ಟಿಕೊಂಡು ಗಾಜಿನ ಪೆಟ್ಟಿಗೆಯನ್ನು ನೋಡುತ್ತ ನಿಂತರು.

"ಮೊದಲನೇ ಕ್ಯಾಮೆರಾನಾ ಸರ್?" ಎಂದು ರಿಪೇರಿಯವನು ಕೇಳಿದ.

"ಮೊದಲನೇದಲ್ಲ. ಹಿಂದೆ ಒಂದಿತ್ತು."

"ಯಾವುದು?"

ಗುಮಾಸ್ತರು ಸ್ವಲ್ಪ ನೆನಪಿಸಿಕೊಂಡರು. "ಕಪ್ಪು ಬಣ್ಣದ್ದು."

ರಿಪೇರಿಯವನು ಹಣೆಯ ಕನ್ನಡಕವನ್ನು ಮೂಗಿಗೂ, ಮೂಗಿನದನ್ನು ಹಣೆಗೂ ಬದಲಾಯಿಸಿ ಅವರನ್ನು ಒಮ್ಮೆ ನೋಡಿದ. "ಒಳ್ಳೇ ಬಣ್ಣ," ಅಂದ. ಆಮೇಲೆ ಒಂದು ಹಳದಿ ಬಟ್ಟೆ ಹಾಸಿ, ಅದರ ಮೇಲೆ ಮೂರು ಕ್ಯಾಮೆರಾಗಳನ್ನು ಇಟ್ಟ.

ಮೊದಲನೆಯದು ಪ್ಲಾಸ್ಟಿಕ್ಕಿನದು, ಸೋಪಿನ ಡಬ್ಬಿಯಷ್ಟಿತ್ತು. "ಹೊಸದಾಗಿ ಕಲಿಯೋರಿಗೆ ಇದರಷ್ಟು ಒಳ್ಳೇದು ಇನ್ನೊಂದಿಲ್ಲ. ರೀಲು ಇದೇ ಎಳ್ಕೊಳ್ಳುತ್ತೆ, ಬೆಳಕು ಇದೇ ನೋಡ್ಕೊಳ್ಳುತ್ತೆ. ನೀವು ಒತ್ತೋದು, ಅವರು ನಗೋದು. ಅಷ್ಟೇ."

ಗುಮಾಸ್ತರು ಅದನ್ನು ಮುಟ್ಟಲೂ ಇಲ್ಲ. ಮದುವೆಗೆ ಮುಂಚೆಯೇ ಉಸಿರು ಹಿಡಿದು ಫೋಟೋ ತೆಗೆಯುತ್ತಿದ್ದ ಮನುಷ್ಯ ಸೋಪಿನ ಡಬ್ಬಿ ಹಿಡಿದು ಮನೆಗೆ ಹೋಗುವುದು ಹೇಗೆ?

"ಇದು ನೋಡಿ. ಹಳೇ ಕಾಲದ್ದರ ಹಾಗೆ ಕಾಣುತ್ತೆ, ಚರ್ಮದ ಹೊದಿಕೆ, ಲೋಹದ ಗುಂಡಿ ಎಲ್ಲ ಇದೆ. ಆದ್ರೆ ಒಳಗೆ ರೀಲಿಲ್ಲ, ಈಗಿನ ಯಂತ್ರ. ಹೊರಗೆ ತಾತ, ಒಳಗೆ ಮೊಮ್ಮಗ. ತೆಗೆದ ತಕ್ಷಣ ಹಿಂದೆ ಕಾಣುತ್ತೆ. ತಪ್ಪಾದ್ರೆ ಇನ್ನೊಂದು ತೆಗೀಬಹುದು."

ತಕ್ಷಣ ಕಾಣುತ್ತದೆ ಎಂದಮೇಲೆ ಅತ್ತೆ ಎದ್ದು ಅಡುಗೆಮನೆಗೆ ಹೋಗುತ್ತಾರೆ. ಗುಮಾಸ್ತರು ತಲೆಯಾಡಿಸಿ ಮೂರನೆಯದನ್ನು ಎತ್ತಿಕೊಂಡರು. ಪೂರ್ತಿ ಲೋಹ. ಕೈಗೆ ಇಸ್ತ್ರಿಪೆಟ್ಟಿಗೆಯಂತೆ ಭಾರವಾಗಿತ್ತು. ಗುಂಡಿ ಒತ್ತಿದರು. 'ಖಳಕ್' ಎಂದು, ಬ್ಯಾಂಕಿನ ತಿಜೋರಿ ಮುಚ್ಚಿದಂಥ ಸದ್ದು ಬಂತು. ಆ ಸದ್ದಿಗೆ ಅವರು ಸೋತುಹೋದರು.

"ಅದು ಬೇಡ ಸರ್," ಅಂದ ರಿಪೇರಿಯವನು. "ಅದರಲ್ಲಿ ಎಲ್ಲಾನೂ ನೀವೇ ಮಾಡಬೇಕು. ಬೆಳಕು ನೀವೇ ಅಳೀಬೇಕು, ದೂರ ನೀವೇ ನೋಡಬೇಕು, ರೀಲು ನೀವೇ ಹಾಕಬೇಕು. ಆರು ತಿಂಗಳು ಡಬ್ಬಿ ಕ್ಯಾಮೆರಾದಲ್ಲಿ ಕಲಿತು ಆಮೇಲೆ ಬನ್ನಿ."

"ಇದೇ ಕೊಡಿ. ನನಗೆ ರೂಢಿ ಇದೆ."

ಅಂಗಡಿಯವನೇ ಬೇಡ ಎಂದ ಮೇಲೆ ಕೊಳ್ಳದೆ ಬರುವುದು ಯಾವ ಗಂಡಸಿಗೂ ಸಾಧ್ಯವಿಲ್ಲ. ರಿಪೇರಿಯವನು ನಿಟ್ಟುಸಿರುಬಿಟ್ಟು, ಹಿಂದಿನ ಮುಚ್ಚಳ ತೆಗೆದು ತೋರಿಸಿದ. ರೀಲಿನ ತುದಿಯನ್ನು ಎಳೆದು ಬಲಗಡೆಯ ಉರುಳೆಯ ಸೀಳಿಗೆ ಸಿಕ್ಕಿಸಬೇಕು. ಮುಚ್ಚಿದ ಮೇಲೆ, ರೀಲು ಮುಂದಕ್ಕೆ ಓಡಿಸುವ ಸನ್ನೆಯನ್ನು ಒಂದೊಂದು ಸಲ ಎಳೆದಾಗಲೂ ಎಡಗಡೆಯ ಗುಂಡಿ ತಾನಾಗಿ ತಿರುಗಬೇಕು. "ಅದು ತಿರುಗದೇ ಇದ್ರೆ ರೀಲು ಓಡ್ತಿಲ್ಲ ಅಂತ ಅರ್ಥ. ಮೇಲಿನ ಅಂಕಿ ನಂಬಬೇಡಿ. ಅದು ರೀಲಿದ್ರೂ ಓಡುತ್ತೆ, ಇಲ್ಲದಿದ್ರೂ ಓಡುತ್ತೆ. ಮತ್ತೆ, ರೀಲಿಗೆ ಬೆಳಕು ಬಿತ್ತೋ, ಮುಗೀತು."

"ಗೊತ್ತು, ಗೊತ್ತು," ಅಂದರು ಗುಮಾಸ್ತರು. ಇಷ್ಟೂ ಮಾತಿನಲ್ಲಿ ಅವರ ತಲೆಗೆ ಹೋದದ್ದು ಕೊನೆಯದೊಂದೇ.

ಮನೆಯಲ್ಲಿ ಹೆಂಡತಿ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದು, "ಎಷ್ಟಾಯ್ತ್ರೀ?" ಎಂದು ಕೇಳಿದಳು.

"ಮುಕ್ಕಾಲು ಕಿಲೋ," ಎಂದು ಹೇಳಿ ಗುಮಾಸ್ತರು ಕೈಕಾಲು ತೊಳೆಯಲು ಹೋದರು.

ಶನಿವಾರ ಅವರಿಗೆ ಕೆಲಸದ ದಿನ. ಭಾನುವಾರವಾದರೆ ಮನೆ ತುಂಬ ಜನ, ಶನಿವಾರವೇ ಇರಲಿ ಎಂದು ಅತ್ತೆಯೂ ಹೇಳಿದ್ದರಿಂದ ಅರ್ಧ ದಿನದ ರಜೆ ಕೇಳಬೇಕಾಯಿತು. ಡಿಪೋ ಮ್ಯಾನೇಜರಿಗೆ ರಜೆ ಎಂಬ ಶಬ್ದ ಕೇಳಿದರೆ ಕಿವಿ ನೋಯುತ್ತಿತ್ತು. ಹಿಂದೊಮ್ಮೆ ಹಲ್ಲು ಕೀಳಿಸಲು ರಜೆ ಕೇಳಿದ ಚಾಲಕನಿಗೆ, ಯಾವ ಹಲ್ಲು, ತೋರಿಸು ಎಂದವರು ಅವರು.

"ಯಾಕ್ರೀ ರಜೆ?"

"ನಮ್ಮ ಅತ್ತೆಯವರದು ಒಂದು ಫೋಟೋ ತೆಗೆದಿಡೋಣ ಅಂತ ಸರ್."

"ಫೋಟೋಗೆ ರಜೆನಾ?"

"ಎಪ್ಪತ್ತನಾಲ್ಕು ವರ್ಷ ಆಯ್ತು ಸರ್ ಅವರಿಗೆ. ಇಷ್ಟು ದಿನ ಬೇಡ ಬೇಡ ಅಂತಿದ್ರು. ಈಗ ತಾವಾಗೇ ಒಪ್ಕೊಂಡಿದ್ದಾರೆ. ಇನ್ನು ತಡ ಮಾಡೋ ಹಾಗಿಲ್ಲ. ದೊಡ್ಡದು ಮಾಡ್ಸಿ, ಕಟ್ಟು ಹಾಕ್ಸಿ, ಗೋಡೆಗೆ ಹಾಕಬೇಕು ಅಂತ ನಮ್ಮನೆಯವಳ ಆಸೆ."

ಮ್ಯಾನೇಜರು ಪೆನ್ನು ಕೆಳಗಿಟ್ಟರು. ಧ್ವನಿ ಇಳಿಯಿತು. "ತಾವಾಗೇ ಒಪ್ಕೊಂಡ್ರಾ?"

"ನಗ್ತಾ ಒಪ್ಕೊಂಡ್ರು ಸರ್."

"ದೊಡ್ಡ ಜೀವ," ಎಂದು ಮ್ಯಾನೇಜರು ಎದ್ದುನಿಂತು ಗುಮಾಸ್ತರ ಭುಜ ಹಿಡಿದರು. ಅರ್ಧ ದಿನ ಕೇಳಿದ್ದಕ್ಕೆ ಪೂರ್ತಿ ದಿನ ಕೊಟ್ಟರು. "ಸೋಮವಾರ ಬರಕ್ಕಾಗದಿದ್ರೂ ಪರವಾಗಿಲ್ಲ. ಮನೆಯವರಿಗೆ ಧೈರ್ಯ ಹೇಳಿ." ಕ್ಯಾಮೆರಾಗೆ ಇಷ್ಟು ಮರ್ಯಾದೆ ಇದೆಯೆಂದು ಮೊದಲೇ ಗೊತ್ತಿದ್ದರೆ ಹತ್ತು ವರ್ಷದ ಹಿಂದೆಯೇ ಕೊಳ್ಳುತ್ತಿದ್ದೆನಲ್ಲ ಎಂದುಕೊಂಡು ಗುಮಾಸ್ತರು ತಮ್ಮ ಕೊಡೆಗಳ ಕಡೆಗೆ ಹೋದರು.

ಮ್ಯಾನೇಜರ ಹೆಂಡತಿ ಶಾಲೆಯಲ್ಲಿ ಟೀಚರು. ಭಾವಮೈದುನನ ಹೆಂಡತಿಯೂ ಅದೇ ಶಾಲೆಯಲ್ಲಿ ಟೀಚರು. ಸುದ್ದಿ ಮೊದಲನೆಯ ಟೀಚರ ಬಾಯಿಂದ ಎರಡನೆಯ ಟೀಚರ ಕಿವಿಗೆ ಹೋಗುವಷ್ಟರಲ್ಲಿ ಅದಕ್ಕೆ ಆಸ್ಪತ್ರೆ, ಡಾಕ್ಟರು, ಕೈಚೆಲ್ಲಿದ್ದು ಎಲ್ಲವೂ ಸೇರಿದ್ದವು. ಶುಕ್ರವಾರ ಸಂಜೆ ಗುಮಾಸ್ತರು ಮಾಸಪತ್ರಿಕೆಯ ಲೇಖನವನ್ನು ಮೂರನೆಯ ಸಲ ಓದುತ್ತಿದ್ದಾಗ ಭಾವಮೈದುನನ ಫೋನು ಬಂತು.

"ಭಾವ, ವಿಷಯ ಗೊತ್ತಾಯ್ತು. ಅಕ್ಕನ ಹತ್ರ ಕೇಳೋ ಧೈರ್ಯ ಇಲ್ಲ, ನಿಮ್ಮನ್ನೇ ಕೇಳ್ತೀನಿ. ಎಷ್ಟು ದಿನ ಅಂದಿದ್ದಾರೆ?"

"ಹತ್ತು ದಿನ ಅಂತಾರಪ್ಪ," ಅಂದರು ಗುಮಾಸ್ತರು. ರೀಲು ತೊಳೆಯುವುದಕ್ಕೆ ರಿಪೇರಿಯವನು ಹೇಳಿದ್ದು ಅಷ್ಟೇ ದಿನ. "ಹೆಚ್ಚೆಂದ್ರೆ ಹದಿನೈದು."

ಆ ಕಡೆ ಮೂಗೊರೆಸಿಕೊಳ್ಳುವ ಸದ್ದು. "ಇಲ್ಲಿ ಏನೂ ಮಾಡಕ್ಕಾಗಲ್ವಾ?"

"ಇಲ್ಲೆಲ್ಲಿ? ಈಗ ಈ ಕೆಲಸ ಗೊತ್ತಿರೋರೇ ಇಲ್ಲ. ಹೊರಗಡೆ ಕಳಿಸಬೇಕು."

"ಕಳಿಸೋಣ ಭಾವ, ಎಲ್ಲಿಗಾದ್ರೂ ಸರಿ."

"ಕಳಿಸೋದೇನೋ ಕಳಿಸಬಹುದು. ದಾರೀಲಿ ಒಂಚೂರು ಬೆಳಕು ಬಿದ್ರೂ ಮುಗೀತಂತೆ. ಕತ್ತಲಲ್ಲೇ ಇಡಬೇಕು."

"ಅಯ್ಯೋ. ಅಮ್ಮನಿಗೆ ಗೊತ್ತಾ?"

"ಗೊತ್ತಪ್ಪ. ಹತ್ತು ದಿನ ಅಂದಿದ್ದಕ್ಕೇ ಖುಷಿಯಾಗಿರೋದು."

ಭಾವಮೈದುನ ಫೋನಿಟ್ಟ. ಅಷ್ಟು ಗಟ್ಟಿ ಮನಸ್ಸಿನ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ ತಾನು ಪಂಪು ಮಾರಿಕೊಂಡಿದ್ದೇನಲ್ಲ ಎಂದು ಅತ್ತ. ಆಮೇಲೆ ಕಣ್ಣೊರೆಸಿಕೊಂಡು ದೊಡ್ಡಮ್ಮನಿಗೆ ಫೋನು ಮಾಡಿದ.

ದೊಡ್ಡಮ್ಮ ಎಂದರೆ ಅತ್ತೆಯ ಅಕ್ಕ, ಗುಮಾಸ್ತರಿಗೆ ದೊಡ್ಡತ್ತೆ. ಮೂರೇ ಬೀದಿ ಆಚೆ ಇದ್ದರು. ಅಕ್ಕತಂಗಿಯರು ಮಾತುಬಿಟ್ಟು ಹನ್ನೊಂದು ವರ್ಷವಾಗಿತ್ತು. ತಂಗಿಯ ಕುಕ್ಕರನ್ನು ಅಕ್ಕ ಎರವಲು ಒಯ್ದಿದ್ದರು. ವಾಪಸು ಬಂದಾಗ ವಿಸಲ್ ಇರಲಿಲ್ಲ. "ಕೊಟ್ಟಾಗ ಇತ್ತು" ಎಂದು ತಂಗಿ, "ತಂದಾಗಲೇ ಇರಲಿಲ್ಲ" ಎಂದು ಅಕ್ಕ. ಮಾತಿಗೆ ಮಾತು ಬೆಳೆದು ಸತ್ತವರೆಲ್ಲ ಜಗಳಕ್ಕೆ ಬಂದುಹೋದರು. ಅಂದಿನಿಂದ ತರಕಾರಿ ಅಂಗಡಿಯಲ್ಲಿ ಎದುರಾದರೂ ಇಬ್ಬರೂ ಆಲೂಗಡ್ಡೆಯನ್ನೇ ನೋಡುತ್ತಿದ್ದರು.

ಶನಿವಾರ ಬೆಳಿಗ್ಗೆ ಗುಮಾಸ್ತರು ರೀಲು ಹಾಕಲು ಕೂತರು. ಬೆಳಕು ಬೀಳಬಾರದಲ್ಲ. ಸಾಮಾನಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು, ಸಂದಿಗೆ ಬಟ್ಟೆ ತುರುಕಿ, ಸಾಲದೆಂದು ತಲೆಯ ಮೇಲೆ ಕಂಬಳಿ ಹೊದ್ದು, ಕೈಯಾಡಿಸಿಕೊಂಡೇ ರೀಲಿನ ತುದಿಯನ್ನು ಸೀಳೆಂದು ತೋರಿದ್ದರೊಳಗೆ ತೂರಿಸಿ ಮುಚ್ಚಳ ಮುಚ್ಚಿದರು. ಬೆವರಿನಲ್ಲಿ ತೊಯ್ದು ಹೊರಬಂದಾಗ ಮನೆಯಲ್ಲಿ ಜನ ಸೇರಿದ್ದರು.

ಭಾವಮೈದುನ ಮತ್ತವನ ಹೆಂಡತಿ ಅತ್ತು ಕೆಂಪಾದ ಕಣ್ಣುಗಳೊಂದಿಗೆ ಸೋಫಾದ ಮೇಲೆ. ಮೇಜಿನ ಮೇಲೆ ಡಿಪೋ ಮ್ಯಾನೇಜರು ಕಳಿಸಿದ ಹಣ್ಣಿನ ಬುಟ್ಟಿ. ಮೇಲಿನ ಮನೆಯ ನಿವೃತ್ತ ಕಾಂಪೌಂಡರು ಅತ್ತೆಯ ಕೈಕುಲುಕುವ ನೆಪದಲ್ಲಿ ಮಣಿಕಟ್ಟು ಹಿಡಿದು, ಇನ್ನೊಂದು ಕೈಯ ಗಡಿಯಾರ ನೋಡುತ್ತ ನಿಂತಿದ್ದರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅತ್ತೆ ನೀಟಾಗಿ ತಲೆಬಾಚಿಕೊಂಡು, ಒಗೆದ ಬಟ್ಟೆ ಉಟ್ಟು ಕೂತಿದ್ದರು. ಒಂದು ಫೋಟೋಗೆ ಇಷ್ಟು ಜನ ಬರುತ್ತಾರೆಂದು ಅವರಿಗೂ ಗೊತ್ತಿರಲಿಲ್ಲ.

"ಏನೋ ಇದು, ಕಣ್ಣೆಲ್ಲ ಹಿಂಗಾಗಿದೆ?" ಎಂದು ಮಗನನ್ನು ಕೇಳಿದರು.

"ಧೂಳಮ್ಮ," ಎಂದು ಮಗ ಗೋಡೆಯ ಕಡೆ ತಿರುಗಿದ.

ಅಷ್ಟರಲ್ಲಿ ಬಾಗಿಲಲ್ಲಿ ದೊಡ್ಡತ್ತೆ ಕಾಣಿಸಿಕೊಂಡರು. ಎಲ್ಲರೂ ಜಾಗ ಬಿಟ್ಟರು. ಅವರು ಸೀದಾ ಬಂದು ಪಕ್ಕದ ಕುರ್ಚಿಯಲ್ಲಿ ಕೂತು, ಕಾಂಪೌಂಡರ ಕೈಯಿಂದ ತಂಗಿಯ ಕೈಯನ್ನು ಬಿಡಿಸಿಕೊಂಡು ತಾವು ಹಿಡಿದರು.

"ನೀನು ಏನೂ ಮಾತಾಡಬೇಡ. ಸುಸ್ತಾಗುತ್ತೆ."

"ನಂಗ್ಯಾಕೆ ಸುಸ್ತಾಗುತ್ತೆ?"

"ಸುಮ್ಮನಿರು ಅಂದ್ನಲ್ಲ. ವಿಸಲ್ ನಮ್ಮನೇಲೇ ಇತ್ತು ಕಣೇ."

ದೊಡ್ಡತ್ತೆ ಚೀಲದಿಂದ ಒಂದು ಕರವಸ್ತ್ರ ತೆಗೆದು ಗಂಟು ಬಿಚ್ಚಿದರು. ಒಳಗೆ ಕುಕ್ಕರಿನ ವಿಸಲ್ಲು ಹೊಳೆಯುತ್ತಿತ್ತು.

"ಯಾವಾಗ ಸಿಕ್ತು?" ಅತ್ತೆಯ ಧ್ವನಿ ಸಣ್ಣಗಾಗಿತ್ತು.

"ಆಗಲೇ. ಜಗಳ ಆಗಿ ಮೂರನೇ ದಿನ. ಸಿಂಕಿನ ಕೆಳಗೆ ಬಿದ್ದಿತ್ತು."

"ಹನ್ನೊಂದು ವರ್ಷದಿಂದ ಇಟ್ಕೊಂಡು ಕೂತಿದ್ದೀಯಾ?"

"ಅಷ್ಟೆಲ್ಲ ಮಾತಾಡಿದ ಮೇಲೆ ಏನಂತ ತಂದುಕೊಡ್ಲಿ? ಪ್ರತಿ ವರ್ಷ ಉಜ್ಜಿ ಇಡ್ತಿದ್ದೆ. ಈಗಾದ್ರೂ ತಗೋ. ಹೋಗೋ ಹೊತ್ತಲ್ಲಿ ಮನಸ್ಸಲ್ಲಿ ಏನೂ ಇಟ್ಕೊಂಡು ಹೋಗಬೇಡ."

"ಎಲ್ಲಿಗೆ ಹೋಗೋದು?"

ಅತ್ತೆ ಮಗನನ್ನು ನೋಡಿದರು. ಮಗ ಭಾವನನ್ನು ನೋಡಿದ. ಅವನ ಹಿಂದೆಯೇ ಕೋಣೆಯಲ್ಲಿದ್ದ ಎಲ್ಲರ ಕಣ್ಣೂ ಕುತ್ತಿಗೆಗೆ ಮುಕ್ಕಾಲು ಕಿಲೋ ನೇತುಹಾಕಿಕೊಂಡು ನಿಂತಿದ್ದ ಗುಮಾಸ್ತರ ಮೇಲೆ ಬಿತ್ತು.

"ಭಾವನೇ ಹೇಳಿದ್ದು," ಅಂದ ಭಾವಮೈದುನ. "ಹತ್ತು ದಿನ, ಹೆಚ್ಚೆಂದ್ರೆ ಹದಿನೈದು ಅಂತ."

"ಅದು ರೀಲು ತೊಳೆಯೋಕೆ ಕಣಯ್ಯಾ," ಅಂದರು ಗುಮಾಸ್ತರು.

"ಹೊರಗಡೆ ಕಳಿಸಬೇಕು ಅಂದ್ರಿ."

"ರೀಲನ್ನ."

"ಕತ್ತಲಲ್ಲಿ ಇಡಬೇಕು ಅಂದ್ರಿ."

"ರೀಲನ್ನೇ."

ಕಾಂಪೌಂಡರು ಕೆಮ್ಮಿದರು. "ನಾಡಿ ನನ್ನದಕ್ಕಿಂತ ಚೆನ್ನಾಗಿದೆ. ಬಂದಾಗಲೇ ಹೇಳೋಣ ಅಂತಿದ್ದೆ. ಎಲ್ಲರೂ ಅಷ್ಟು ಮನಸ್ಸಿಟ್ಟು ಅಳ್ತಾ ಇದ್ರಿ, ಹೇಗೆ ಹೇಳೋದು ಅಂತ ಸುಮ್ಮನಾದೆ."

ದೊಡ್ಡತ್ತೆ ತಂಗಿಯ ಕೈ ಬಿಟ್ಟರು. "ಹಾಗಾದ್ರೆ ನೀನು ಸಾಯಲ್ವಾ?"

"ಸದ್ಯಕ್ಕೆ ಯೋಚನೆ ಇಲ್ಲ."

"ವಿಸಲ್ ವಾಪಸ್ ಕೊಡು."

"ಕೊಡಲ್ಲ."

ದೊಡ್ಡತ್ತೆ ಮೂಗು ಕೆಂಪಗೆ ಮಾಡಿಕೊಂಡು ಎದ್ದರು. ಅತ್ತೆ ಕೂತಲ್ಲಿಂದಲೇ ಕೈಚಾಚಿ ಅವರ ಚೀಲ ಹಿಡಿದೆಳೆದರು. ಆ ಎಳೆತಕ್ಕೆ ದೊಡ್ಡತ್ತೆ ಮತ್ತೆ ಕುರ್ಚಿಗೆ ಬಂದು ಬಿದ್ದರು. ಸಾಯುವವರಿಗೆ ಅಷ್ಟು ಶಕ್ತಿ ಇರುವುದಿಲ್ಲ ಎಂದು ಕಾಂಪೌಂಡರು ಮೆಲ್ಲಗೆ ಹೇಳಿದರು.

"ಬಂದದ್ದು ಬಂದಿದ್ದೀಯ, ಕೂತ್ಕೋ," ಅಂದರು ಅತ್ತೆ. "ಅಳಿಯಂದ್ರು ಫೋಟೋ ತೆಗೀತಾರೆ. ಹನ್ನೊಂದು ವರ್ಷದಲ್ಲಿ ಎಷ್ಟು ಮುದುಕಿ ಆಗಿದೀಯ ನೋಡ್ಕೋ."

"ನೀನೇನು ಎಳೇ ಹುಡುಗಿನಾ?"

"ನಿನಗಿಂತ ಆರು ವರ್ಷ ಎಳೆಯವಳು."

ಮೊದಲು ನಕ್ಕದ್ದು ಯಾರೆಂದು ಹೇಳುವುದು ಕಷ್ಟ. ಆದರೆ ಗುಮಾಸ್ತರು ಕ್ಯಾಮೆರಾ ಕಣ್ಣಿಗೆ ಹಿಡಿಯುವಷ್ಟರಲ್ಲಿ ಇಬ್ಬರೂ ಒಬ್ಬರ ತೋಳಿಗೊಬ್ಬರು ಒರಗಿ ನಗುತ್ತಿದ್ದರು, ಜೊತೆಗೆ ಅಳುತ್ತಲೂ ಇದ್ದರು. ಗುಮಾಸ್ತರು ಉಸಿರು ಹಿಡಿದರು. ಖಳಕ್. ಸನ್ನೆ ಎಳೆದು ಮತ್ತೆ ಖಳಕ್. ಅಕ್ಕ ತಂಗಿಯ ಸೆರಗು ಸರಿಮಾಡುವುದು, ತಂಗಿ ಅಕ್ಕನ ಕನ್ನಡಕ ಒರೆಸಿಕೊಡುವುದು, ಮಗ ತಾಯಿಯ ಕಾಲ ಬಳಿ ಕೂತಿದ್ದು, ಹಣ್ಣಿನ ಬುಟ್ಟಿಯ ಜೊತೆ ಕಾಂಪೌಂಡರು. ಅತ್ತೆ ಒಮ್ಮೆಯೂ ಮುಖ ತಿರುಗಿಸಲಿಲ್ಲ. ಅಂಕಿ ಮೂವತ್ತಾರು ದಾಟಿತು. ಮೂವತ್ತೇಳು, ಮೂವತ್ತೆಂಟು.

"ಮೂವತ್ತಾರೇ ಅಂದಿದ್ರಲ್ಲ ಭಾವ?" ಎಂದು ಕೇಳಿದ ಭಾವಮೈದುನ.

"ಅದು ಕೈ ಮೇಲೆ ಹೋಗುತ್ತೆ," ಅಂದರು ಗುಮಾಸ್ತರು. "ಹಿಡಿತ ಇದ್ದೋರು ಇನ್ನಷ್ಟು ಎಳೀಬಹುದು." ನಲವತ್ತೊಂದಕ್ಕೆ, ಅತಿಯಾಸೆ ಬೇಡವೆಂದು ತಾವಾಗಿಯೇ ನಿಲ್ಲಿಸಿದರು. ಇನ್ನೊಂದು ಸಲ ಸನ್ನೆ ಎಳೆದಿದ್ದರೆ ನಲವತ್ತೆರಡೂ ಆಗುತ್ತಿತ್ತು.

ಸೋಮವಾರ ಸಂಜೆ ರಿಪೇರಿಯವನು ಕ್ಯಾಮೆರಾದ ಎಡಗಡೆಯ ಗುಂಡಿಯನ್ನು ಬೆರಳಿನಿಂದ ತಿರುಗಿಸಿ ನೋಡಿದ. ಅದು ಗಿರಿಗಿರಿ ಸುತ್ತಿತು. ಅವನು ಮುಚ್ಚಳಕ್ಕೆ ಕೈಹಾಕಿದ.

"ತೆಗೀಬೇಡ್ರೀ, ಬೆಳಕು ಬೀಳುತ್ತೆ," ಎಂದು ಗುಮಾಸ್ತರು ಅವನ ಕೈ ಹಿಡಿದರು.

"ಬೀಳಲಿ ಬಿಡಿ ಸರ್." ಮುಚ್ಚಳ ತೆರೆಯಿತು. ರೀಲಿನ ತುದಿ ಸೀಳಿನ ಪಕ್ಕದಲ್ಲಿ, ನಾಯಿಯ ನಾಲಿಗೆಯ ಹಾಗೆ ಹೊರಚಾಚಿಕೊಂಡು ಬಿದ್ದಿತ್ತು. ಉಳಿದದ್ದು ಡಬ್ಬಿಯೊಳಗೆ, ಅಂಗಡಿಯಿಂದ ತಂದ ಹಾಗೆಯೇ ಇತ್ತು.

"ಒಂದೂ ಇಲ್ವಾ?"

"ಒಂದೂ ಇಲ್ಲ. ಎಷ್ಟು ತೆಗೆದ್ರಿ?"

"ನಲವತ್ತೊಂದು."

ರಿಪೇರಿಯವನು ಎರಡೂ ಕನ್ನಡಕ ತೆಗೆದ. "ಒಂದು ಸಮಾಧಾನ ಸರ್. ನಲವತ್ತೊಂದರಲ್ಲಿ ಒಂದೂ ಅಲುಗಾಡಿಲ್ಲ."

ಗುಮಾಸ್ತರು ಸ್ಟೂಲಿನ ಮೇಲೆ ಕೂತುಬಿಟ್ಟರು. ಮೊದಲಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದರು. ಬಾತುಕೋಳಿ, ಮಾಸಪತ್ರಿಕೆ, ಕಂಬಳಿ, ಯಾವುದನ್ನೂ ಬಿಡಲಿಲ್ಲ. "ನಾನು ಜನ್ಮದಲ್ಲಿ ಕ್ಯಾಮೆರಾ ಹಿಡಿದವನಲ್ಲ," ಅಂದರು.

"ಕಪ್ಪು ಬಣ್ಣದ್ದು ಅಂದಾಗಲೇ ಗೊತ್ತಾಯ್ತು ಸರ್," ಅಂದ ರಿಪೇರಿಯವನು. "ಸಂಜೆ ಹೊತ್ತು ಬನ್ನಿ, ಕಲಿಸಿಕೊಡ್ತೀನಿ. ರೀಲು ಹಾಳಾಗಿಲ್ಲ. ನಾಲ್ಕು ಬೆರಳು ಬೆಳಕು ಕಂಡಿದೆ, ಅಷ್ಟೇ."

ಮನೆಗೆ ಬಂದಾಗ ಅತ್ತೆ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದರು. ಮಗಳು ಹೊರಗೆ ಹೋಗಿದ್ದಳು. ಗುಮಾಸ್ತರು ಎದುರಿಗೆ ನಿಂತು, ಕೊಡೆ ಕಳೆದುಕೊಂಡವರು ತಮ್ಮ ಮುಂದೆ ನಿಲ್ಲುವ ಹಾಗೆಯೇ ನಿಂತು, ಒಂದೇ ಉಸಿರಿಗೆ ಒಪ್ಪಿಸಿದರು. ಫೋಟೋ ಬರುವುದಿಲ್ಲ. ತಪ್ಪು ನನ್ನದೇ. ಮದುವೆಗೆ ಮುಂಚೆಯೂ ತೆಗೆದಿರಲಿಲ್ಲ.

ಅತ್ತೆ ಬಟಾಣಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. "ಯಾರ್ಯಾರಿಗೆ ಹೇಳಿದ್ದೀರಿ?"

"ನಿಮಗೇ ಮೊದಲು. ರಿಪೇರಿಯವನಿಗೆ ಗೊತ್ತು."

"ಅವನಿಗೆ ಗೊತ್ತಿದ್ರೆ ಚಿಂತೆ ಇಲ್ಲ. ಇನ್ಯಾರಿಗೂ ಹೇಳಬೇಡಿ. ತೊಳೀತಾ ಇದ್ದಾರೆ ಅನ್ನಿ."

"ಅತ್ತೆ, ಅದು ಬರೋದೇ ಇಲ್ಲ."

"ಅರ್ಥ ಆಯ್ತು ಅಳಿಯಂದ್ರೇ. ಇವತ್ತು ಮಧ್ಯಾಹ್ನ ಅಕ್ಕ ಬಂದಿದ್ಲು, ಫೋಟೋ ಬಂತಾ ಅಂತ ಕೇಳಕ್ಕೆ. ಎರಡು ದಿನಕ್ಕೆಲ್ಲಿ ಬರುತ್ತೆ ಅಂದೆ. ಮೂರು ಗಂಟೆ ಕೂತಿದ್ಲು. ಟೀ ಕುಡಿದ್ಲು, ಸಕ್ಕರೆ ಕಮ್ಮಿ ಅಂದ್ಲು. ಶುಕ್ರವಾರ ಮತ್ತೆ ಬಂದು ವಿಚಾರಿಸ್ತಾಳಂತೆ." ಒಂದು ಸಿಪ್ಪೆ ಬುಟ್ಟಿಗೆ ಹಾಕಿದರು. "ಬರೋದೇ ಇಲ್ಲ ಅಂದ್ಬಿಟ್ರೆ ಅವಳು ಏನು ಕೇಳ್ಕೊಂಡು ಬರ್ತಾಳೆ?"

ಹೀಗೆ, ಒಂದು ಸುಳ್ಳಿಗೇ ಬೆವರಿದ್ದ ನಮ್ಮ ಗುಮಾಸ್ತರು ವಾರಕ್ಕೆರಡು ಹೇಳುವ ಕೆಲಸಕ್ಕೆ ಸೇರಿದರು. ರೀಲು ತಲುಪಿದೆ. ತೊಳೆಯುವ ಔಷಧಿ ಮುಗಿದಿದೆ. ತೊಳೆದಾಗಿದೆ, ಒಣಗಬೇಕು. ಮೋಡ ಇದೆ, ಒಣಗುತ್ತಿಲ್ಲ. ಭಾವಮೈದುನ "ಫೋನಲ್ಲಾಗಿದ್ರೆ" ಎಂದು ಶುರುಮಾಡಿದಾಗ ತಾಯಿಯೇ "ನಿನ್ನ ಬಾತುಕೋಳಿ ಸಾಕು" ಎಂದು ಬಾಯಿ ಮುಚ್ಚಿಸಿದರು. ದೊಡ್ಡತ್ತೆ ಮೊದಮೊದಲು ಸೋಮವಾರ, ಶುಕ್ರವಾರ ಬರುತ್ತಿದ್ದವರು ಆಮೇಲೆ ಬುಧವಾರವನ್ನೂ ಸೇರಿಸಿದರು. ಬಂದು ಅರ್ಧ ಗಂಟೆ ಫೋಟೋ ವಿಚಾರ, ಉಳಿದ ಹೊತ್ತೆಲ್ಲ ಜಗಳ. ಉಪ್ಪಿಗೆ, ಪರದೆಯ ಬಣ್ಣಕ್ಕೆ, ಚಿಕ್ಕಂದಿನಲ್ಲಿ ಯಾರು ಯಾರನ್ನು ಬಾವಿಕಟ್ಟೆಯಿಂದ ತಳ್ಳಿದ್ದು ಎಂಬುದಕ್ಕೆ.

ಎರಡು ತಿಂಗಳಾಯಿತು. ಗುಮಾಸ್ತರ ಹೊಟ್ಟೆಯಲ್ಲಿ ಸುಳ್ಳಿಗೆ ಜಾಗ ಉಳಿಯಲಿಲ್ಲ. ಒಂದು ಸಂಜೆ ದೊಡ್ಡತ್ತೆಯ ಚೀಲ ಹಿಡಿದುಕೊಂಡು ಅವರನ್ನು ಮನೆಗೆ ಬಿಡಲು ಹೊರಟರು. ಎಂಬತ್ತು ವರ್ಷದ ಹೆಂಗಸು, ಮೂರು ಬೀದಿ ನಡೆದು ಬರುತ್ತಾರೆ, ಇಲ್ಲದ ಫೋಟೋಗಾಗಿ. ಅತ್ತೆಯ ಮಾತು ಏನೇ ಇರಲಿ, ಹೇಳಿಬಿಡಬೇಕು ಎಂದು ಎರಡನೆಯ ಬೀದಿಯ ತಿರುವಿನಲ್ಲಿ ನಿರ್ಧಾರ ಮಾಡಿದರು.

"ದೊಡ್ಡತ್ತೆ, ಆ ಫೋಟೋ ವಿಷಯ..."

"ನಾನೂ ಅದನ್ನೇ ಹೇಳೋಣ ಅಂತಿದ್ದೆ," ದೊಡ್ಡತ್ತೆ ನಿಂತರು. ಹಿಂದೆ ಮುಂದೆ ನೋಡಿ ಧ್ವನಿ ತಗ್ಗಿಸಿದರು. "ಇಷ್ಟು ದಿನ ಆಯ್ತು, ಬಂದಿರಬೇಕು. ಬಂದಿದ್ರೂ ಬಂದಿಲ್ಲ ಅನ್ನಿ. ಇನ್ನೊಂದಷ್ಟು ದಿನ ನಿಮ್ಮ ಹತ್ರಾನೇ ಇರಲಿ."

ಗುಮಾಸ್ತರು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

"ಅವಳ ಸ್ವಭಾವ ನಿಮಗೆ ಗೊತ್ತಿಲ್ಲ ಅಳಿಯಂದ್ರೇ. ಭಾರಿ ಬಿಗುಮಾನ. ಫೋಟೋ ಬಂದ್ಬಿಟ್ರೆ, ಇನ್ನು ಇವಳ್ಯಾಕೆ ಬರ್ತಾಳೆ ಅಂದ್ಕೋತಾಳೆ. ಅವಳಿಗೆ ಮಾತ್ರ ಹೇಳಬೇಡಿ, ನನ್ನಾಣೆ."

"ಹೇಳಲ್ಲ," ಅಂದರು ಗುಮಾಸ್ತರು.

ಅವರು ವಾಪಸು ಬಂದಾಗ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು. "ಏನಂದ್ಲು ಅಕ್ಕ?"

"ಫೋಟೋ ವಿಷಯ ಎತ್ತಿದ್ರು."

"ನೀವೇನಂದ್ರಿ?"

"ಇನ್ನೂ ತಡ ಆಗುತ್ತೆ ಅಂದೆ."

ಅತ್ತೆ ಬೀದಿಯ ತುದಿಯವರೆಗೂ ಒಮ್ಮೆ ನೋಡಿದರು. "ಪಾಪ," ಅಂದರು, "ಅವಳಿಗೆ ಆ ಫೋಟೋ ಮೇಲೆ ಎಷ್ಟು ಆಸೆ."